ತೋಳಿಲ್ಲದ ಕನ್ಯೆಯರು, ಹೊಸ ಕಲ್ಲು

ನಮಸ್ಕಾರ. ಪರದೆಯ ಮೇಲೆ ಈಗ ಕಾಣುತ್ತಿರುವುದು ಅಥೆನ್ಸ್ ನಗರದ ಆಕ್ರೊಪೊಲಿಸ್ ಗುಡ್ಡದ ಮೇಲಿರುವ ಎರೆಕ್ಥೀಯಾನ್ ದೇಗುಲದ ದಕ್ಷಿಣ ಮಂಟಪ. ಕಂಬಗಳ ಜಾಗದಲ್ಲಿ ನಿಂತು ತಲೆಯ ಮೇಲೆ ಚಾವಣಿಯನ್ನು ಹೊತ್ತಿರುವ ಈ ಆರು ಕನ್ಯೆಯರಿಗೆ ಕ್ಯಾರಿಯಾಟಿಡ್‌ಗಳೆಂದು ಹೆಸರು. ಪ್ರವಾಸಿಗರ ಕ್ಯಾಮೆರಾಗಳೆಲ್ಲ ಇವರತ್ತಲೇ ತಿರುಗಿವೆ. ಆದರೆ ಇವರಲ್ಲಿ ಒಬ್ಬಳೂ ಕ್ರಿಸ್ತಪೂರ್ವ ಐದನೆಯ ಶತಮಾನದವಳಲ್ಲ. ಆರೂ ನಮ್ಮ ಕಾಲದಲ್ಲಿ ಕೃತಕ ಶಿಲೆಯಿಂದ ಎರಕ ಹೊಯ್ದ ಪ್ರತಿಕೃತಿಗಳು.

ಮೂಲ ಶಿಲ್ಪಗಳಲ್ಲಿ ಒಂದನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಲಂಡನ್ನಿಗೆ ಸಾಗಿಸಿದನು, ಅದು ಇಂದಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಉಳಿದ ಐದನ್ನು 1979ರಲ್ಲಿ ಮಂಟಪದಿಂದ ಇಳಿಸಿ ವಸ್ತುಸಂಗ್ರಹಾಲಯದೊಳಗೆ ಇರಿಸಲಾಯಿತು. ಅದಕ್ಕೆ ಕಾರಣವಾದದ್ದು ಅಥೆನ್ಸಿನ ಗಾಳಿ. ವಾಹನ ಮತ್ತು ಕಾರ್ಖಾನೆಗಳ ಹೊಗೆಯಲ್ಲಿದ್ದ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಅಮೃತಶಿಲೆಯ ಮೇಲ್ಪದರವನ್ನು ಜಿಪ್ಸಂ ಆಗಿ ಬದಲಿಸುತ್ತದೆ, ಮಳೆ ಬಂದಾಗ ಆ ಜಿಪ್ಸಂ ಕರಗಿ ಹೋಗುತ್ತದೆ, ಅದರೊಡನೆ ಶಿಲ್ಪಿ ಕಡೆದ ಕಣ್ಣು, ತುಟಿ, ಸೆರಗಿನ ನಿರಿಗೆಯೂ ಹೋಗುತ್ತವೆ. ಆ ಮಳೆಯನ್ನು ಈಗ ತಡೆದುಕೊಳ್ಳುತ್ತಿರುವುದು ಪ್ರತಿಕೃತಿಗಳು. ಇವುಗಳನ್ನು ಬರಿಯ ನಕಲಿಯೆಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಕೊಂಚ ಅಸಹನೆಯೇ ಆಗುತ್ತದೆ.

ಈಗ ಆ ಕನ್ಯೆಯರ ಕೈಗಳನ್ನು ಗಮನಿಸಿ. ತೋಳುಗಳು ಮುರಿದಿವೆ. ಮೂಲಶಿಲ್ಪಗಳು ಕಾಲಾಂತರದಲ್ಲಿ ತೋಳು ಕಳೆದುಕೊಂಡಿದ್ದವು. ಎರಕದ ಅಚ್ಚು ಆ ಗಾಯವನ್ನೂ ಹಾಗೆಯೇ ತೆಗೆದುಕೊಂಡಿತು. ಹಾಗಾದರೆ ಅವರು ಕೈಯಲ್ಲಿ ಏನನ್ನು ಹಿಡಿದಿದ್ದರು? ಉತ್ತರ ದೊರೆತದ್ದು ಗ್ರೀಸಿನಲ್ಲಲ್ಲ, ಇಟಲಿಯಲ್ಲಿ. ರೋಮಿನ ಸಮೀಪದ ಟಿವೊಲಿಯಲ್ಲಿರುವ ಸಾಮ್ರಾಟ ಹೇಡ್ರಿಯನನ ಅರಮನೆಯ ಕೊಳದ ಬಳಿ, 1950ರ ದಶಕದ ಉತ್ಖನನದಲ್ಲಿ ಇದೇ ಕನ್ಯೆಯರ ರೋಮನ್ ಪ್ರತಿಗಳು ದೊರೆತವು, ಅವುಗಳ ಕೈಯಲ್ಲಿ ದೇವತೆಗಳಿಗೆ ದ್ರವವನ್ನು ಅರ್ಪಿಸಲು ಬಳಸುವ ಅಗಲವಾದ ಬಟ್ಟಲು ಇತ್ತು. ಮೂಲವು ಮರೆತದ್ದನ್ನು ಸುಮಾರು ಐದೂವರೆ ಶತಮಾನ ಕಳೆದು ಹುಟ್ಟಿದ ಪ್ರತಿ ನೆನಪಿಟ್ಟುಕೊಂಡಿತ್ತು. ಆದರೂ ಆಕ್ರೊಪೊಲಿಸ್‌ನ ಇಂದಿನ ಪ್ರತಿಕೃತಿಗಳಿಗೆ ಬಟ್ಟಲನ್ನು ಕೊಡಲಿಲ್ಲ. ಇದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಒಂದು ವೇಳೆ ಕೊಟ್ಟಿದ್ದರೆ ಅದು ಎರೆಕ್ಥೀಯಾನ್‌ನ ಪ್ರತಿಯಾಗುತ್ತಿರಲಿಲ್ಲ, ಎರೆಕ್ಥೀಯಾನ್ ಮತ್ತು ಟಿವೊಲಿಗಳನ್ನು ಬೆಸೆದ ನಮ್ಮದೇ ಕಲ್ಪನೆಯಾಗುತ್ತಿತ್ತು.

ಇನ್ನು ಕಲ್ಲಿಗೆ ಕಲ್ಲನ್ನೇ ಕೊಡುವ ಕೆಲಸಕ್ಕೆ ಬರೋಣ. ಆಕ್ರೊಪೊಲಿಸ್‌ನ ಜೀರ್ಣೋದ್ಧಾರ ಸಮಿತಿ 1975ರಲ್ಲಿ ರಚನೆಯಾದ ಮೇಲೆ, ಅದೇ ಗುಡ್ಡದ ಮೇಲಿರುವ ಅಥೀನಾ ದೇವತೆಯ ದೇಗುಲ ಪಾರ್ಥೆನಾನ್ ಮುಂತಾದ ಕಟ್ಟಡಗಳಲ್ಲಿ ಸಿಡಿದು ಉದುರಿದ ಭಾಗಗಳಿಗೆ ಹೊಸ ಅಮೃತಶಿಲೆಯ ತುಂಡುಗಳನ್ನು ಕಡೆದು ಜೋಡಿಸಲಾಗುತ್ತಿದೆ. ಹಿಂದಿನ ಕಲ್ಲು ಬಂದ ಪೆಂಟೆಲಿಕಾನ್ ಬೆಟ್ಟದ್ದೇ ಹೊಸ ಕಲ್ಲೂ. ಮೊದಲು ಒಡೆದ ಮೈಯ ಪ್ಲಾಸ್ಟರ್ ಅಚ್ಚನ್ನು ತೆಗೆದು, ಬಿಂದುಯಂತ್ರವೆಂಬ ಸಲಕರಣೆಯ ಸೂಜಿಯಿಂದ ಅದರ ಉಬ್ಬುತಗ್ಗುಗಳನ್ನು ಒಂದೊಂದೇ ಬಿಂದುವಾಗಿ ಅಳೆದು, ಅಷ್ಟೇ ಆಳಕ್ಕೆ ಹೊಸ ಕಲ್ಲನ್ನು ಉಳಿಯಿಂದ ಇಳಿಸುತ್ತಾರೆ. ಹೊಸ ತುಂಡನ್ನು ಹಳೆಯದರ ಒಡಕಿಗೆ ತಕ್ಕಂತೆ ಕಡೆಯಬೇಕೇ ಹೊರತು, ಹೊಸದು ಕೂರಲೆಂದು ಹಳೆಯದನ್ನು ಕೆತ್ತಿ ಸಮ ಮಾಡುವಂತಿಲ್ಲ. ಜೋಡಣೆಗೆ ಟೈಟಾನಿಯಂ ಸರಳುಗಳನ್ನು ಬಳಸುತ್ತಾರೆ, ಏಕೆಂದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗ್ರೀಕ್ ಎಂಜಿನಿಯರ್ ನಿಕೊಲಾಸ್ ಬಲಾನೋಸ್ ಅವರ ನೇತೃತ್ವದಲ್ಲಿ ಹಾಕಿದ ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳಿದ್ದವು. ಹೊಸ ತುಂಡುಗಳು ಹಾಲಿನಂತೆ ಬೆಳ್ಳಗೆ ಎದ್ದು ಕಾಣುತ್ತವೆ. ಪೆಂಟೆಲಿಕಾನ್ ಕಲ್ಲಿನಲ್ಲಿ ಕಬ್ಬಿಣದ ಅಂಶವಿರುವುದರಿಂದ ಹಳೆಯ ಮೈಗೆ ಜೇನಿನ ಹೊಂಬಣ್ಣ ಬಂದಿದೆ, ಹೊಸದಕ್ಕೂ ಮುಂದೊಮ್ಮೆ ಅದು ಬಂದೀತು.

ಗ್ರೀಸಿನಲ್ಲಿ ಈ ಕೈಕೆಲಸಕ್ಕೆ ಹೆಸರಾದದ್ದು ಟೀನೋಸ್ ದ್ವೀಪ. ಅಲ್ಲಿನ ಅಮೃತಶಿಲೆಯ ಕುಶಲಕಲೆಯು 2015ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಉಳಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ ಪ್ರಯತ್ನವೂ ಒಂದಿದೆ. ಪಾರ್ಥೆನಾನ್‌ನ ಪೂರ್ವದ ತ್ರಿಕೋನ ಮುಖದಲ್ಲಿದ್ದ, ಚಂದ್ರದೇವತೆ ಸೆಲೀನಳ ರಥ ಎಳೆದು ದಣಿದ ಕುದುರೆಯ ತಲೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಇನ್‌ಸ್ಟಿಟ್ಯೂಟ್ ಫಾರ್ ಡಿಜಿಟಲ್ ಆರ್ಕಿಯಾಲಜಿ ಎಂಬ ಸಂಸ್ಥೆ ಅದನ್ನು ಸ್ಕ್ಯಾನ್ ಮಾಡಲು ಅನುಮತಿ ಕೇಳಿತು, ಮ್ಯೂಸಿಯಂ ಒಪ್ಪಲಿಲ್ಲ. ಆಗ ಸಂಸ್ಥೆಯವರು 2022ರಲ್ಲಿ ಸಾಮಾನ್ಯ ಸಂದರ್ಶಕರಂತೆ ಒಳಗೆ ಹೋಗಿ, ಫೋನ್ ಮತ್ತು ಟ್ಯಾಬ್ಲೆಟ್‌ಗಳಿಂದಲೇ ಅಳತೆ ತೆಗೆದು, ಇಟಲಿಯ ಕರಾರಾದಲ್ಲಿ ರೋಬೋಟಿನ ಕೈಯಿಂದ ಅದನ್ನು ಅಮೃತಶಿಲೆಯಲ್ಲಿ ಕಡೆಸಿದರು. ಇಷ್ಟು ನಿಖರವಾದ ಪ್ರತಿ ಲಂಡನ್ನಿನಲ್ಲಿದ್ದರೆ ಮೂಲವು ಅಥೆನ್ಸಿಗೆ ಮರಳಬಹುದಲ್ಲವೇ ಎಂಬುದು ಅವರ ವಾದ. ವಾದದಲ್ಲಿ ತೂಕವಿದೆ ಎಂದೇ ನನ್ನ ಅಭಿಪ್ರಾಯ. ಅಥೆನ್ಸಿನವರು ತಮ್ಮ ಮಂಟಪದ ಚಾವಣಿಯ ಕೆಳಗೆ ಪ್ರತಿಕೃತಿಗಳನ್ನು ನಿಲ್ಲಿಸಿ ನಲವತ್ತಕ್ಕೂ ಹೆಚ್ಚು ವರ್ಷಗಳಾಗಿವೆ, ಜಗತ್ತೇ ಬಂದು ಅವುಗಳನ್ನು ನೋಡುತ್ತಿದೆ. ಅದೇ ಏರ್ಪಾಡು ಲಂಡನ್ನಿಗೆ ಏಕೆ ಒಗ್ಗುವುದಿಲ್ಲ ಎಂಬ ಪ್ರಶ್ನೆಗೆ ಮ್ಯೂಸಿಯಂ ಉತ್ತರಿಸಬೇಕಾಗಿದೆ.