ಪಿನ್ನಿನ ಮೇಲಿನ ಕಪ್ಪು ಗೆರೆಗಳು

ಕೇಳುಗರೆ, ನಮಸ್ಕಾರ.

ವೇದಿಕೆಯ ಮೇಲೆ ಗುಡುಗುವ ಮೈಕನ್ನೇ ತಂದು ಕಂಪ್ಯೂಟರಿಗೆ ಸಿಕ್ಕಿಸುತ್ತೀರಿ. ಗಂಟಲು ಹರಿದುಕೊಂಡರೂ ಪಿಸುಮಾತಿನಷ್ಟೇ ಕೇಳುತ್ತದೆ. ಮೈಕು ಕೆಟ್ಟಿದೆ ಅಂತ ಬೈಯುತ್ತೀರಿ, ಅಲ್ವಾ? ಬೈಯುವ ಮೊದಲು ಅದರ ಪಿನ್ನನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.

ಸೌಂಡ್ ಕಾರ್ಡಿನ ಗುಲಾಬಿ ಬಣ್ಣದ ಮೈಕ್ ತೂತಿಗೆ ಹೋಗುವುದು 3.5 ಮಿಲಿಮೀಟರ್ ಪಿನ್ನು. ಅದರ ಮೇಲೆ ಎರಡು ಕಪ್ಪು ಗೆರೆ, ಅಂದರೆ ಮೂರು ಭಾಗ. ತುದಿಯಲ್ಲಿ ದನಿ ಒಳಗೆ ಹೋಗುತ್ತದೆ. ಬುಡ ಗ್ರೌಂಡ್, ಅಂದರೆ ವಿದ್ಯುತ್ತು ಮರಳುವ ತಂತಿ. ನಡುವಿನ ಉಂಗುರದ್ದು ಮಾತ್ರ ಉಲ್ಟಾ ದಾರಿ: ಕಂಪ್ಯೂಟರೇ ಅಲ್ಲಿಂದ ಮೈಕಿಗೆ 2ರಿಂದ 5 ವೋಲ್ಟ್ ಕೊಡುತ್ತದೆ. ಕಾಲರಿಗೆ ಸಿಕ್ಕಿಸುವ ಮೈಕು, ಹೆಡ್‌ಸೆಟ್ಟಿನ ಮೈಕು ಸಾಮಾನ್ಯವಾಗಿ ಎಲೆಕ್ಟ್ರೆಟ್ ಜಾತಿಯವು. ಅವುಗಳೊಳಗೆ ಪುಟ್ಟ ಟ್ರಾನ್ಸಿಸ್ಟರ್ ಕೂತಿರುತ್ತದೆ. ಅದರ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ!

ಎರಡು ಕಾಲಿನ ಬರೀ ಎಲೆಕ್ಟ್ರೆಟ್ ಗುಂಡಿಗೆ ನೀವೇ ಬೆಸುಗೆ ಹಾಕುವಿರಾದರೆ, ಲೋಹದ ಮೈಗೆ ಅಂಟಿದ ಕಾಲನ್ನು ಬುಡಕ್ಕೆ ಕೊಡಿ. ಇನ್ನೊಂದನ್ನು ತುದಿ, ಉಂಗುರ ಎರಡಕ್ಕೂ ಕೊಡಿ. ಒಂದೇ ತಂತಿಯಲ್ಲಿ ಊಟ ಹೋಗುತ್ತದೆ, ದನಿ ಬರುತ್ತದೆ.

ವೇದಿಕೆಯ ಡೈನಾಮಿಕ್ ಮೈಕಿಗೆ ಈ ಊಟ ಬೇಡ. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಿ ತಾನೇ ವಿದ್ಯುತ್ತು ಹುಟ್ಟಿಸುತ್ತದೆ. ಆದರೆ ಹುಟ್ಟುವುದು ಒಂದೆರಡು ಮಿಲಿವೋಲ್ಟ್ ಅಷ್ಟೇ. ಪಿಸುಮಾತಿನ ಗುಟ್ಟು ಇದೇ. ಸೆಟ್ಟಿಂಗಿನಲ್ಲಿ ಮೈಕ್ ಬೂಸ್ಟ್ ಏರಿಸಬಹುದು. ದನಿಯ ಜೊತೆ ಸುಯ್ ಅನ್ನುವ ಸದ್ದೂ ಏರುತ್ತದೆ. ನನ್ನನ್ನು ಕೇಳಿದರೆ, ನಡುವೆ ದನಿಯನ್ನು ಮೊದಲೇ ಹಿಗ್ಗಿಸುವ ಸಣ್ಣದೊಂದು ಪೆಟ್ಟಿಗೆ, ಅಂದರೆ ಪ್ರಿ-ಆಂಪ್ ಇಟ್ಟು, ಹಿಗ್ಗಿದ ದನಿಗೆಂದೇ ಇರುವ ನೀಲಿ ಬಣ್ಣದ ಲೈನ್-ಇನ್ ತೂತಿಗೆ ಕೊಡುವುದೇ ವಾಸಿ.

ಈ ಮೈಕಿನಲ್ಲಿ ಇನ್ನೊಂದು ತಮಾಷೆಯಿದೆ. ಅದರ ಬುಡದಲ್ಲಿರುವ ದುಂಡನೆಯ ಎಕ್ಸ್‌ಎಲ್‌ಆರ್ ಕನೆಕ್ಟರಿನಲ್ಲಿ ಮೂರು ಕಾಲು: 1 ಗ್ರೌಂಡ್, 2ರಲ್ಲಿ ದನಿ, 3ರಲ್ಲಿ ಅದೇ ದನಿ ತಲೆಕೆಳಗಾಗಿ. ಕೆಲವು ರೆಡಿಮೇಡ್ ಕೇಬಲ್ಲುಗಳು 2ನ್ನು ತುದಿಗೆ, 3ನ್ನು ಉಂಗುರಕ್ಕೆ ಕೊಟ್ಟಿರುತ್ತವೆ. ಸ್ಟೀರಿಯೊ ಲೈನ್-ಇನ್‌ಗೆ ಹಾಕಿದರೆ ಎರಡೂ ಕಿವಿಗೆ ಕೇಳುತ್ತದೆ, ಖುಷಿಯಾಗುತ್ತದೆ. ರೆಕಾರ್ಡಿಂಗಿನ ಎರಡೂ ಕಿವಿಯ ದನಿ ಒಂದಾಗಿಸಿ ಮೋನೊ ಮಾಡಿ ನೋಡಿ. ಒಂದನ್ನೊಂದು ಹೊಡೆದು ಹಾಕಿ ದನಿಯೇ ಮಾಯ! ಮೈಕ್ ತೂತಿಗಾದರೆ ಉಂಗುರದ ವೋಲ್ಟೇಜು ಸುರುಳಿಗೆ ನುಗ್ಗುತ್ತದೆ. ಅದಕ್ಕೇ 2ನ್ನು ತುದಿಗೆ ಕೊಡಿ, 1 ಮತ್ತು 3ನ್ನು ಸೇರಿಸಿ ಬುಡಕ್ಕೆ ಕೊಡಿ. ಉಂಗುರವನ್ನು ಸುಮ್ನೆ ಖಾಲಿ ಬಿಡಿ.

ಮೊಬೈಲಿನ ಹೆಡ್‌ಸೆಟ್ ಪಿನ್ನಿಗೆ ಮೂರು ಗೆರೆ, ನಾಲ್ಕು ಭಾಗ. ಕಂಪ್ಯೂಟರಿನ ಮೈಕ್ ತೂತಿಗೆ ಅದನ್ನು ಹಾಕಲು ಮೈಕನ್ನೂ ಇಯರ್‌ಫೋನನ್ನೂ ಎರಡು ಪಿನ್ನಾಗಿ ಬೇರೆ ಮಾಡುವ ಸ್ಪ್ಲಿಟರ್ ಬೇಕು.

ಎಲ್ಲ ಸರಿಯಾದ ಮೇಲೂ ಗುಂಯ್ ಅನ್ನುತ್ತಿದೆಯೇ? ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಮೈಕಿನದಲ್ಲ, ಚಾರ್ಜರಿನ ಕಡೆಯದು.