ಮೂಕಿ ಯುಗದ ರಾಣಿ ಸುಲೋಚನಾ

ಕೇಳುಗರಿಗೆ ನಮಸ್ಕಾರ. ಸುಲೋಚನಾ ಎಂದೊಡನೆ ಹಳೆಯ ಸಿನಿಮಾ ಬಲ್ಲವರು, ಅವರ ಸಂಬಳ ಮುಂಬಯಿ ಗವರ್ನರರ ಸಂಬಳವನ್ನೂ ಮೀರಿಸಿತ್ತಂತೆ ಎಂದು ಶುರುಮಾಡುತ್ತಾರೆ. ದಯವಿಟ್ಟು ಆ ಸಂಬಳದ ಕಥೆಯನ್ನು ಇವತ್ತಿನ ಮಟ್ಟಿಗಾದರೂ ಬದಿಗಿಡೋಣ. ಅವರನ್ನು ದೊಡ್ಡ ನಟಿಯಾಗಿಸಿದ್ದು ಕಲಿಕೆ.

1907ರಲ್ಲಿ ಪುಣೆಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರ ನಿಜನಾಮ ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿದ್ದ ಅವರನ್ನು ನಿರ್ದೇಶಕ ಮೋಹನ್ ಭವನಾನಿ ಸಿನಿಮಾಕ್ಕೆ ಕರೆದಾಗ, ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಅತ್ತ ಸುಳಿಯಬಾರದೆಂಬ ಕಾಲವಾದ್ದರಿಂದ ಮೊದಲು ಒಲ್ಲೆನೆಂದರು. ಆತ ಪಟ್ಟು ಬಿಡದಿದ್ದಾಗ ಒಪ್ಪಿದರು. ನಟನೆಯ ಗಂಧಗಾಳಿಯೂ ಇರಲಿಲ್ಲ, ಕಲಿತರು. 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ ಚಿತ್ರದಲ್ಲಿ ಎಂಟು ವೇಷಗಳು ಅವರವೇ. ಅದರಲ್ಲಿ ಪೊಲೀಸಿನವನ ವೇಷವೂ ಒಂದು!

ಈಗ ನನಗೆ ಬಹಳ ಪ್ರಿಯವಾದ ಅನಾರ್ಕಲಿಯ ಪ್ರಸಂಗಕ್ಕೆ ಬರುತ್ತೇನೆ. ಅನಾರ್ಕಲಿ ಎಂದರೆ ಮೊಘಲ್ ರಾಜಕುಮಾರ ಸಲೀಮನನ್ನು ಪ್ರೀತಿಸಿದ, ದಂತಕಥೆಯ ನರ್ತಕಿ. 1928ರಲ್ಲಿ ಇನ್ನೊಂದು ಕಂಪನಿ ನಟಿ ಸೀತಾದೇವಿಯವರನ್ನು ಹಾಕಿಕೊಂಡು ಇದೇ ಕಥೆಯನ್ನು ಚಿತ್ರಿಸುತ್ತಿರುವಾಗಲೇ, ಇಂಪೀರಿಯಲ್ ಕಂಪನಿಯವರು ಸುಲೋಚನಾ ಅವರ ‘ಅನಾರ್ಕಲಿ’ಯನ್ನು ತರಾತುರಿಯಲ್ಲಿ ಮುಗಿಸಿ ಮೊದಲೇ ತೆರೆಗೆ ತಂದು ಗೆದ್ದರು. ಅದು ಮೂಕಿ, ಸಲೀಮನ ಮೇಲಿನ ಪ್ರೀತಿಯನ್ನೂ ಗೋಡೆಯೊಳಗೆ ಸಮಾಧಿಯಾಗುವ ಸಂಕಟವನ್ನೂ ಕಣ್ಣಿನಲ್ಲೇ ಹೇಳಬೇಕು. 1931ರಲ್ಲಿ ‘ಆಲಂ ಆರಾ’ದೊಂದಿಗೆ ಸಿನಿಮಾಕ್ಕೆ ಮಾತು ಬಂದಾಗ, ಹಿಂದೂಸ್ತಾನಿ ಸರಿಯಾಗಿ ಬಾರದ ಈ ತಾರೆ ಮೂಲೆಗುಂಪಾಗುವ ಹಾಗಾಯಿತು. ಆಗ ಅವರು ಮಾಡಿದ್ದೇನು? ಗೊಣಗುತ್ತ ಕೂರದೆ ಸುಮಾರು ಒಂದು ವರ್ಷ ಆ ಭಾಷೆ ಕಲಿತು, 1932ರಲ್ಲಿ ‘ಮಾಧುರಿ’ಯ ಮೂಲಕ ಮರಳಿ ಬಂದರು. 1935ರಲ್ಲಿ ನಟ ಡಿ. ಬಿಲ್ಲಿಮೋರಿಯಾ ಜೊತೆ ಮತ್ತೆ ಅದೇ ಅನಾರ್ಕಲಿಯಾದರು. ಈ ಸಲ ಮಾತಾಡುವ ಅನಾರ್ಕಲಿ. 1953ರಲ್ಲಿ ಆ ಕಥೆ ಮೂರನೆಯ ಬಾರಿ ಅವರ ಬಳಿ ಬಂದಾಗ ಅನಾರ್ಕಲಿಯ ಪಾತ್ರ ಬೀನಾ ರಾಯ್ ಅವರದಾಗಿತ್ತು. ಸುಲೋಚನಾ ಸಲೀಮನ ತಾಯಿ ಜೋಧಾಬಾಯಿಯಾದರು. ಒಂದು ಕಾಲದ ನಾಯಕಿ ಅದೇ ಕಥೆಯಲ್ಲಿ ಬದಿಗೆ ಸರಿದು ನಿಲ್ಲುವುದನ್ನೂ ಕಲಿಯಬೇಕಷ್ಟೆ. ಇಷ್ಟಾದ ಮೇಲೂ ಸಂಬಳದ ಮಾತೇ ಏಕೆ, ಹೇಳಿ?

ಸಮಯ ಮುಗಿಯುತ್ತಿರುವುದರಿಂದ ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಅವರು ‘ರೂಬಿ ಪಿಕ್ಸ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಬೇಡಿಕೆ ಕುಗ್ಗಿದ ಮೇಲೂ ಸಣ್ಣಪುಟ್ಟ ಪಾತ್ರಗಳನ್ನು ಬೇಡವೆನ್ನಲಿಲ್ಲ. 1973ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು; 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು. ಆ ಕಾಲದ ಮೂಕಿ ಚಿತ್ರಗಳು ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ರೀಲಿನಲ್ಲಿದ್ದು, ಬಹುಪಾಲು ನಾಶವಾಗಿವೆ. ಆದರೆ 1953ರ ‘ಅನಾರ್ಕಲಿ’ ಈಗಲೂ ನೋಡಸಿಗುತ್ತದೆ. ಹಾಡುಗಳಿಗಾಗಿ ನೋಡುವವರು ಜೋಧಾಬಾಯಿಯ ದೃಶ್ಯಗಳನ್ನು ಮುಂದೋಡಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.