ಮೂಗು ಎದೆಗೆ ಬಂದ ಮಾತ್ರಕ್ಕೆ ಕುದುರೆ ಮೆತ್ತಗಾಗುವುದಿಲ್ಲ

ರಾಣಿ ಎಂಬ ಕುದುರೆಯ ಈ ಎರಡು ಕಿವಿಗಳನ್ನು ನೋಡಿ. ಜೀನಿನ ಮೇಲೆ ಕುಳಿತವರಿಗೆ ಕಾಣುವ ನೋಟವಿದು. ಬಲಗಿವಿ ಕೊಂಚ ಕೆಳಗಿದೆ, ಅಲ್ಲವೇ? ಅಂದರೆ ರಾಣಿ ಬಲಕ್ಕೆ ಬಾಗಿಲ್ಲ, ತಲೆಯನ್ನು ವಾರೆ ಮಾಡಿಕೊಂಡು ನನ್ನಿಂದ ತಪ್ಪಿಸಿಕೊಂಡಿದ್ದಾಳೆ. ಹಲ್ಲಿನ ಚೂಪು ಅಂಚು ಕೆನ್ನೆಗೆ ಚುಚ್ಚುತ್ತಿದ್ದರೂ ಕುದುರೆ ಹೀಗೆಯೇ ಮಾಡುತ್ತದೆ. ಆದ್ದರಿಂದ ಪಶುವೈದ್ಯರಿಂದ ಬಾಯಿ ಪರೀಕ್ಷೆ ಮಾಡಿಸಿಯೇ, ತಲೆಯನ್ನು ಪಕ್ಕಕ್ಕೆ ಬಾಗಿಸಿ ಕತ್ತು, ದವಡೆ ಸಡಿಲಗೊಳಿಸುವ ಈ ಪಾಠ ಆರಂಭಿಸಿದ್ದು.

ಚಾಮುಂಡಿ ಬೆಟ್ಟದ ತಪ್ಪಲಿನ ಈ ಅಂಗಳಕ್ಕೆ ಬರುವ ಮುನ್ನ ರಾಣಿ ರೇಸಿನ ಕುದುರೆ. ಓಟದಲ್ಲಿ ಕಡಿವಾಣದ ಮೇಲೆ ಭಾರ ಹಾಕಿ ನುಗ್ಗುವುದೇ ಅವಳು ಕಲಿತ ವಿದ್ಯೆ. ನಾನು ಲಗಾಮು ಎಳೆದಷ್ಟೂ ಅವಳು ಒರಗುತ್ತಾಳೆ. ಎಳೆದಾಟದಲ್ಲಿ ಗೆಲ್ಲುವುದು ಯಾರೆಂದು ಹೇಳಬೇಕಿಲ್ಲ.

ಕುದುರೆಯ ಕತ್ತಿನಲ್ಲಿ ಏಳು ಮೂಳೆಗಳಿವೆ. ಬಲವಂತ ಮಾಡಿದರೆ ಕತ್ತು ಮಡಚಿಕೊಳ್ಳುತ್ತದೆ, ಆದರೆ ಹೆಚ್ಚಾಗಿ ಭುಜದ ಮುಂದೆ, ನಮಗೆ ಬೇಡವಾದ ಕಡೆ. ನಮಗೆ ಬೇಕಾದದ್ದು ಕಿವಿಗಳ ಹಿಂದೆ, ತಲೆಬುರುಡೆ ಕತ್ತಿಗೆ ಸೇರುವ ಜಾಗ. ಅಲ್ಲಿ ಬಿಗಿ ಸಡಿಲವಾದರೆ ದವಡೆಯೂ ಸಡಿಲವಾಗುತ್ತದೆ, ಕುದುರೆ ಕಡಿವಾಣವನ್ನು ಮೆಲ್ಲಗೆ ಅಗಿಯತೊಡಗುತ್ತದೆ. ಬಲಕ್ಕೆ ಕೇಳಿದಾಗ ಬಲಗಣ್ಣಿನ ಅಂಚು, ಮೂಗಿನ ಹೊಳ್ಳೆಯ ಅಂಚು ಕಂಡರೆ ಸಾಕು. ಇಡೀ ಕೆನ್ನೆ ಕಂಡರೆ ಎಡಭುಜ ಆಗಲೇ ಹೊರಗೆ ಜಾರಿದೆ ಎಂದೇ ಲೆಕ್ಕ.

ಈಗ ನನ್ನ ಬಲಗೈ. ಮಂಡ್ಯದ ಕಡೆ ಬೆಳಗ್ಗೆ ಹಾಲು ಕರೆಯುವವರ ಬೆರಳುಗಳಂತೆ ಒತ್ತುವುದು, ಬಿಡುವುದು, ಅಷ್ಟೇ. ಮೊಣಕೈ ಹಿಂದಕ್ಕೆ ಹೋಗುವುದಿಲ್ಲ. ಎಡ ಲಗಾಮು ಭುಜವನ್ನು ಕಾಯುತ್ತದೆ. ನನ್ನ ಬಲಗಾಲು ಅವಳ ಪಕ್ಕೆಗೆ ತಾಗಿ, ಅವಳ ಬಲ ಹಿಂಗಾಲನ್ನು ಹೊಟ್ಟೆಯ ಕೆಳಗೆ ಕರೆಯುತ್ತದೆ. ಮೊದಲು ನಡಿಗೆ, ಆಮೇಲೆ ಇಪ್ಪತ್ತು ಮೀಟರ್ ಅಗಲದ ಸುತ್ತಿನಲ್ಲಿ ಟ್ರಾಟ್, ಅಂದರೆ ನಡಿಗೆಗಿಂತ ವೇಗದ ಕುಕ್ಕುಲೋಟ. ಅವಳು ಎಳ್ಳಷ್ಟು ಒಪ್ಪಿದರೂ ತಕ್ಷಣ ಕೈ ಸಡಿಲಿಸಬೇಕು, ಏಕೆಂದರೆ ಕುದುರೆ ಕಲಿಯುವುದು ಬಿಟ್ಟ ಕ್ಷಣದಿಂದ. ಇವಳನ್ನು ನೋಡಿಕೊಳ್ಳುವ ಮದ್ದೂರಿನ ಅಣ್ಣ ಬೇಲಿಯ ಆಚೆಯಿಂದ ಕೂಗುವುದೂ ಅದನ್ನೇ: "ಬಿಡಿ ಮೇಡಂ, ಕೊಟ್ಟಿದ್ದಾಳೆ, ಬಿಡಿ!"

ನಮ್ಮೂರಿನವರಿಗೆ ಕತ್ತು ಕಮಾನಾದ ಕುದುರೆ ಎಂದರೆ ಪ್ರೀತಿ. ದಸರೆಯ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರು ಬಂದರೆ ಎಲ್ಲರ ಮೊಬೈಲ್ ಮೇಲೇಳುತ್ತದೆ, ನನ್ನದೂ ಸಹ. ಆದರೆ ಫೋಟೊಕ್ಕಾಗಿ ಮೂಗನ್ನು ಎದೆಗೆ ಎಳೆದು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಬಲಪ್ರಯೋಗದಿಂದ ಕತ್ತನ್ನು ಅತಿಯಾಗಿ ಮಡಚಿಸುವುದು ಸಲ್ಲದು ಎಂದು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವೇ 2010ರಲ್ಲಿ ಹೇಳಿದೆ. ಕಿವಿಗಳ ಹಿಂದಿನ ನೆತ್ತಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು, ಮೂಗು ಹಣೆಯಿಂದ ನೇರ ಕೆಳಗಿಳಿಯುವ ಲಂಬರೇಖೆಗಿಂತ ತುಸು ಮುಂದಿರಬೇಕು. ಮೂಗುಪಟ್ಟಿಯನ್ನು ಬಿಗಿದು ಬಾಯಿ ಮುಚ್ಚಿಸಿದರೆ ದವಡೆ ಸಡಿಲವಾಗಿದೆಯೋ ಇಲ್ಲವೋ ತಿಳಿಯುವುದಾದರೂ ಹೇಗೆ?

ಈಗ ಬೇಲಿಯ ಪಕ್ಕದಲ್ಲಿ ಮುಂಗಾಲುಗಳನ್ನು ಒಂದಿಷ್ಟು ಒಳಗೆ ತಂದು ಓರೆಯಾಗಿ ನಡೆಸುತ್ತಿದ್ದೇನೆ. ಶೋಲ್ಡರ್ ಇನ್ ಎಂಬ ಈ ಅಭ್ಯಾಸವನ್ನು 18ನೇ ಶತಮಾನದಲ್ಲಿ ರೂಪಿಸಿದವರು ಫ್ರಾನ್ಸಿನ ಸವಾರಿ ಗುರು ಲಾ ಗೆರಿನಿಯೇರ್. ಕುದುರೆಯನ್ನು ಸಡಿಲಗೊಳಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನಾಲ್ಕೈದು ಹೆಜ್ಜೆ ಚೆನ್ನಾಗಿ ಬಂದರೆ ಸಾಕು, ನೇರ ಮಾಡಿ ಮುಂದಕ್ಕೆ ಬಿಡುತ್ತೇನೆ.

ಬಲಕ್ಕೆ ಈಗ ಕಿವಿಗಳು ಸಮನಾಗಿವೆ. ಎಡಕ್ಕೆ ರಾಣಿ ಇನ್ನೂ ಗಟ್ಟಿ, ಆ ಕಡೆ ನಡಿಗೆಯಲ್ಲಿಯೇ ಉಳಿಯುತ್ತೇವೆ. ಟ್ರಾಟ್‌ಗೆ ಅವಸರವಿಲ್ಲ.